ಇಪ್ಪತ್ತೇಳು ಕಾಯಿಲೆಯ ಕೆಂಪು ಚುಕ್ಕೆ

ಆ ಶಾಖಾ ಗ್ರಂಥಾಲಯದಲ್ಲಿ ಗುಟ್ಟು ಎನ್ನುವುದು ಕೌಂಟರಿನವರೆಗೆ ಮಾತ್ರ ಬದುಕಿರುತ್ತಿತ್ತು. ಅಲ್ಲಿಗೆ ಬಂತೆಂದರೆ ಅದರ ಆಯುಸ್ಸು ಮುಗಿದಂತೆಯೇ. ಏಕೆಂದರೆ ಕೌಂಟರಿನ ಹಿಂದೆ ಠಸ್ಸೆಯಪ್ಪನವರು ಕೂತಿರುತ್ತಿದ್ದರು.

ಠಸ್ಸೆಯಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಒಂದೇ ರಬ್ಬರ್ ಠಸ್ಸೆಯನ್ನು ಒಂದೇ ರಭಸದಲ್ಲಿ ಪುಸ್ತಕಗಳ ಮೇಲೆ ಕುಟ್ಟಿದ್ದಕ್ಕೆ ಓದುಗರು ಕೊಟ್ಟ ಬಿರುದು. ಕುಟ್ಟುವ ಮೊದಲು ಪುಸ್ತಕದ ಹೆಸರನ್ನೂ ಒಯ್ಯುವವರ ಹೆಸರನ್ನೂ ಗಟ್ಟಿಯಾಗಿ ಓದಿ, ಆಮೇಲೆ ಲೆಡ್ಜರಿನಲ್ಲಿ ಬರೆಯುವುದು ಅವರ ಪದ್ಧತಿ. ಗಟ್ಟಿಯಾಗಿ ಓದಿದರೆ ಬರೆಯುವಾಗ ತಪ್ಪಾಗುವುದಿಲ್ಲ ಎಂದು ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯ ಗುಮಾಸ್ತರೊಬ್ಬರು ಹೇಳಿಕೊಟ್ಟಿದ್ದರು. ಆ ಹಿರಿಯರಿಗೆ ಕಿವಿ ಮಂದ ಎನ್ನುವುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು.

“‘ಬೋಳುತಲೆಗೆ ಭರವಸೆ’! ಸಂಘದ ಅಧ್ಯಕ್ಷರು! ಹದಿನಾಲ್ಕು ದಿನ!” ಎಂದು ಅವರು ಒಮ್ಮೆ ಓದಿದಾಗ, ಪತ್ರಿಕೆ ಓದುತ್ತಿದ್ದ ಹನ್ನೊಂದು ಜನ ಒಟ್ಟಿಗೆ ತಲೆಯೆತ್ತಿ, ಬಡಾವಣೆ ಸಂಘದ ಅಧ್ಯಕ್ಷರ ದಟ್ಟವಾದ ಕಪ್ಪು ಕೂದಲನ್ನು ಹೊಸ ಕಣ್ಣಿನಿಂದ ನೋಡಿದ್ದರು. “ನಮ್ಮ ಭಾವನಿಗೆ ಬೇಕಿತ್ತು” ಎಂದು ಗೊಣಗಿ, ಪುಸ್ತಕವನ್ನು ಅಲ್ಲೇ ಬಿಟ್ಟು ಅಧ್ಯಕ್ಷರು ಹೊರಟುಹೋದರು. ಅಂದಿನಿಂದ ಆರೋಗ್ಯದ ಕಪಾಟಿನ ಹತ್ತಿರ ಯಾರೂ ಸುಳಿಯಲಿಲ್ಲ, ಒಬ್ಬರನ್ನು ಬಿಟ್ಟು.

ಆ ಒಬ್ಬರೇ ಟೆಲಿಫೋನ್ ಅಜ್ಜಿ. ವಯಸ್ಸು ಎಪ್ಪತ್ತೆಂಟು. ಹಿಂದೆ ದೂರವಾಣಿ ಕೇಂದ್ರದಲ್ಲಿ ಮೂವತ್ತೈದು ವರ್ಷ ಕೂತು, ಊರಿನ ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಜೋಡಿಸಿದವರು. ಆ ತಂತಿಗಳಲ್ಲಿ ಹಾದುಹೋದ ಜಗಳ, ಸಂಧಾನ, ಅಳು ಎಲ್ಲವನ್ನೂ ಕೇಳಿಸಿಕೊಂಡವರು. ಒಂದನ್ನೂ ಬಾಯಿ ಬಿಟ್ಟವರಲ್ಲ. ಹಿರಿಯರ ಕಾರ್ಡಿನ ಮೇಲೆ ಎಷ್ಟು ಪುಸ್ತಕವನ್ನಾದರೂ ಮೂರು ತಿಂಗಳಿಗೆ ಒಯ್ಯಬಹುದಿತ್ತು. ಅಜ್ಜಿ ವಾರಕ್ಕೆ ಎರಡು ಸಲ ಚೀಲ ಹಿಡಿದು ಬಂದು, ‘ಮಲಬದ್ಧತೆಗೆ ಮಂಗಳ’, ‘ಗೊರಕೆಯಿಂದ ಮುಕ್ತಿ’ ಎಂದು ಎಲ್ಲವನ್ನೂ ಗಟ್ಟಿಯಾಗಿ ಓದಿಸಿಕೊಂಡು, ಮುಖದ ಒಂದು ಗೆರೆಯೂ ಅಲ್ಲಾಡದಂತೆ ಹೊರಟುಹೋಗುತ್ತಿದ್ದರು.

“ಈ ವಯಸ್ಸಲ್ಲಿ ಎಂಥಾ ಜ್ಞಾನದಾಹ!” ಎಂದು ಠಸ್ಸೆಯಪ್ಪನವರು ಬೆರಗಾಗುತ್ತಿದ್ದರು.

ಈಗ ಠಸ್ಸೆಯಪ್ಪನವರ ಗುಟ್ಟು. ಹೇಳಬಾರದು, ಆದರೆ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಐವತ್ತೆಂಟು ದಾಟಿದ ಮೇಲೆ ಅವರ ಮೂತ್ರಕೋಶ ಅವರ ಮಾತು ಕೇಳುವುದನ್ನು ನಿಲ್ಲಿಸಿತ್ತು. ಅರ್ಧ ಗಂಟೆಗೊಮ್ಮೆ ಕರೆ ಬರುತ್ತಿತ್ತು. ಬಂದಾಗ ಹೋಗಬೇಕು, ಹೋದರೆ ಬೇಗ ಬರುವ ಹಾಗಿಲ್ಲ. ಕೌಂಟರಿನಿಂದ ಶೌಚಾಲಯಕ್ಕೆ ಇಪ್ಪತ್ತಮೂರು ಹೆಜ್ಜೆ. “ಗೋದಾಮಲ್ಲಿ ಗೆದ್ದಲು ನೋಡಿ ಬರ್ತೀನಿ” ಎಂದು ಹೇಳಿ ಎದ್ದು ಹೋಗುತ್ತಿದ್ದರು. ದಿನಕ್ಕೆ ಹದಿನಾರು ಸಲದಂತೆ ಎಂಟು ತಿಂಗಳು ಗೆದ್ದಲು ನೋಡಿದ್ದರಿಂದ, ಪುಸ್ತಕಗಳ ಬಗ್ಗೆ ಇಂಥ ಕಾಳಜಿ ಇರುವ ನೌಕರ ಇಲಾಖೆಯಲ್ಲೇ ಇಲ್ಲವೆಂದು ಮೇಲಿನವರು ಒಂದು ಪ್ರಶಂಸಾಪತ್ರವನ್ನೂ ಕಳಿಸಿದರು. ಹೆಂಡತಿ ಅದಕ್ಕೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದರು. ಠಸ್ಸೆಯಪ್ಪನವರು ಅದರ ಕೆಳಗೆ ಕೂತು ಊಟ ಮಾಡುವಾಗ ತಲೆ ಎತ್ತುತ್ತಿರಲಿಲ್ಲ.

ಡಾಕ್ಟರ ಹತ್ತಿರ ಹೋಗಲು ನಾಚಿಕೆ. ಹೆಂಡತಿಗೆ ಹೇಳಲು ಇನ್ನೂ ನಾಚಿಕೆ. ‘ಗಂಡಸರ ಮೂತ್ರದ ತೊಂದರೆಗಳು’ ಎಂಬ ಪುಸ್ತಕ ಕಪಾಟಿನಲ್ಲಿತ್ತು. ಆದರೆ ಲೆಡ್ಜರಿಗೆ ಹತ್ತದೆ ಒಂದು ಹಾಳೆಯೂ ಹೊರಗೆ ಹೋಗಬಾರದು ಎನ್ನುವುದು ಅವರ ಮೂವತ್ತೊಂದು ವರ್ಷದ ವ್ರತ. ತಮ್ಮ ಹೆಸರಿಗೇ ಬರೆದುಕೊಳ್ಳೋಣವೆಂದರೆ, ಸಂಜೆ ಲೆಡ್ಜರ್ ತಾಳೆ ನೋಡುವ ಸಹೋದ್ಯೋಗಿ ಠಸ್ಸೆಯಪ್ಪನವರ ಹೆಂಡತಿಯ ಗೆಳತಿ. ಕೊನೆಗೆ ಒಂದು ದಿನ ಟೆಲಿಫೋನ್ ಅಜ್ಜಿಯನ್ನು ಕಂಬದ ಮರೆಗೆ ಕರೆದರು.

“ಅಜ್ಜಿ, ನಮ್ಮ ದೂರದ ಸಂಬಂಧಿಕರೊಬ್ಬರಿಗೆ ಒಂದು ಪುಸ್ತಕ ಬೇಕಿತ್ತು...”

“ಹೂಂ. ಇಂಥದ್ದೆಲ್ಲ ದೂರದೋರಿಗೇ ಬರೋದು,” ಎಂದರು ಅಜ್ಜಿ. “ಕಾರ್ಡು ತಗೋಪ್ಪಾ.”

ಜಗತ್ತಿನಲ್ಲಿ ಅಜ್ಜಿಯ ಕಾರ್ಡನ್ನು ಹೀಗೆ ಬಳಸಿಕೊಂಡವರು ತಾವೊಬ್ಬರೇ ಎಂದು ಠಸ್ಸೆಯಪ್ಪನವರು ನಂಬಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವಾಗ ಪಕ್ಕದಲ್ಲಿ ಇನ್ನೂ ಇಪ್ಪತ್ತಾರು ಬೆಕ್ಕುಗಳು ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರೆ ಕಾಣುವುದಾದರೂ ಹೇಗೆ?

ಹೀಗಿರುವಾಗ ಕೇಂದ್ರ ಕಚೇರಿಯಲ್ಲಿ ಎಲ್ಲ ಶಾಖೆಗಳ ಸಭೆ ಕರೆದರು. ಹೊಸದಾಗಿ ಬಂದಿದ್ದ ಮುಖ್ಯ ಗ್ರಂಥಪಾಲಕಿ ಮೇಡಂ ಬಹಳ ಚುರುಕು.

“ನೋಡಿ, ವಯಸ್ಸಾದೋರು ಡಾಕ್ಟರ್ ಹತ್ರ ಹೋಗೋ ಮೊದಲು ನಮ್ಮ ಹತ್ರ ಬರ್ತಾರೆ. ಯಾವ ಬೀದಿಯೋರು ಎಂಥಾ ಮಾಹಿತಿ ಹುಡುಕ್ತಿದಾರೆ ಅಂತ ಕಂಪ್ಯೂಟರ್‌ನಲ್ಲಿ ಒಂದು ನಕ್ಷೆ ಮಾಡಿದ್ರೆ, ಆ ಬೀದಿಗೆ ಬೇಕಾದ ಪುಸ್ತಕ ಕಳಿಸಬಹುದು, ಡಾಕ್ಟರನ್ನ ಕರೆಸಿ ಮಾತಾಡಿಸಬಹುದು. ಆರೋಗ್ಯ ಇಲಾಖೆಯೋರೂ ನೋಡ್ತಾರೆ. ಮೊದಲು ಒಂದು ಶಾಖೆ ಮಾಡಿ ತೋರಿಸ್ಲಿ. ಯಾರು ಮುಂದೆ ಬರ್ತೀರಿ?”

ಸಭೆಯಲ್ಲಿದ್ದ ನಲವತ್ತು ಜನರೂ ಏಕಕಾಲಕ್ಕೆ ತಮ್ಮ ಚಪ್ಪಲಿಗಳನ್ನು ಪರೀಕ್ಷಿಸತೊಡಗಿದರು. ಸಭೆ ಶುರುವಾಗಿ ನಲವತ್ತೈದು ನಿಮಿಷವಾಗಿತ್ತು. ಠಸ್ಸೆಯಪ್ಪನವರು ಹದಿನೈದು ನಿಮಿಷದಿಂದ ತಡೆದುಕೊಂಡಿದ್ದರು. ಮೇಡಂ ಏನು ಕೇಳಿದರು ಎನ್ನುವುದೇ ಅವರ ಕಿವಿಗೆ ಬಿದ್ದಿರಲಿಲ್ಲ. ಮಾತು ನಿಂತಿತು ಎನ್ನುವುದಷ್ಟೇ ತಿಳಿಯಿತು. ಹೊರಗೆ ಹೋಗಲು ಅಪ್ಪಣೆ ಕೇಳಲೆಂದು ಕೈ ಎತ್ತಿದರು.

“ಭೇಷ್!” ಎಂದರು ಮೇಡಂ. “ನೋಡಿ, ನಿವೃತ್ತಿಗೆ ಎರಡು ವರ್ಷ ಇರೋರು ಕೈ ಎತ್ತಿದಾರೆ. ಉಳಿದೋರಿಗೆ ನಾಚಿಕೆ ಆಗ್ಬೇಕು!”

ಚಪ್ಪಾಳೆ ಸುರಿಯಿತು. ಠಸ್ಸೆಯಪ್ಪನವರು ಎದ್ದು ನಿಂತು, “ಅಲ್ಲ ಮೇಡಂ, ನಾನು...” ಎಂದರು.

“ಇಷ್ಟೊಂದು ವಿನಯ ಬೇಡ, ಕೂತ್ಕೊಳ್ಳಿ.”

ಅವರು ಮೊಣಕಾಲುಗಳನ್ನು ಒಂದಕ್ಕೊಂದು ಒತ್ತಿ, ಸೊಂಟ ಬಾಗಿಸಿ, ಒಂದು ನಿಮಿಷ ಹಾಗೇ ನಿಂತರು. ಅದನ್ನೂ ಸಭೆ ವಿನಯವೆಂದೇ ತಿಳಿದು ಮತ್ತೊಮ್ಮೆ ಚಪ್ಪಾಳೆ ತಟ್ಟಿತು.

ಆಮೇಲೆ ಎರಡು ದಿನ ತರಬೇತಿ. ಮೇಡಂ ಸ್ವತಃ ಕೂತು ಹೇಳಿಕೊಟ್ಟರು. ಠಸ್ಸೆಯಪ್ಪನವರು ಎರಡು ದಿನದಲ್ಲಿ ಹತ್ತೊಂಬತ್ತು ಸಲ “ಮನೆಯಿಂದ ಫೋನು” ಎಂದು ಎದ್ದು ಹೋದರು. ಹದಿನೇಳನೆಯ ಸಲ ಹೋಗಿದ್ದಾಗ ಮೇಡಂ ಹೇಳಿದ್ದು ಇದು: “ಯಾವ ಕಾರಣಕ್ಕೂ ಒಬ್ಬರ ಮನೆ ಮೇಲೆ ಚುಕ್ಕೆ ಇಡಬೇಡಿ, ಹೆಸರು ಹಾಕಬೇಡಿ, ಪುಸ್ತಕದ ಪಟ್ಟಿ ತೋರಿಸಬೇಡಿ. ಬೀದಿಗೊಂದು ಒಟ್ಟು ಸಂಖ್ಯೆ ಸಾಕು.” ಆ ಹೊತ್ತಿಗೆ ಠಸ್ಸೆಯಪ್ಪನವರು ಶೌಚಾಲಯದ ಗೋಡೆಯ ಬಿಳಿ ಟೈಲುಗಳನ್ನು ದಿಟ್ಟಿಸುತ್ತಿದ್ದರು. ಒಳಗೆ ಬಂದಾಗ ಮೇಡಂ, “ಅರ್ಥ ಆಯ್ತಲ್ಲ?” ಎಂದರು.

“ಚೆನ್ನಾಗಿ ಆಯ್ತು ಮೇಡಂ.”

ಮೂರು ವಾರ ಕೂತು ಹಿರಿಯರ ಲೆಡ್ಜರನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಮನೆಗೊಂದು ಕೆಂಪು ಚುಕ್ಕೆ, ಚುಕ್ಕೆಗೊಂದು ಹೆಸರು, ಹೆಸರಿನ ಕೆಳಗೆ ಪುಸ್ತಕಗಳ ಪಟ್ಟಿ. ಪುಸ್ತಕ ಹೆಚ್ಚಾದಷ್ಟೂ ಚುಕ್ಕೆ ದೊಡ್ಡದಾಗುವಂತೆ ಆ ಯಂತ್ರದಲ್ಲೇ ಏರ್ಪಾಡಿತ್ತು. ಊರಿನ ಹಿರಿಯರೆಲ್ಲ ಸಾಸಿವೆಯಷ್ಟು ಸಣ್ಣ ಚುಕ್ಕೆಗಳಾದರು. ಟೆಲಿಫೋನ್ ಅಜ್ಜಿಯ ಮನೆ ಮಾತ್ರ ಊದತೊಡಗಿತು. ಹತ್ತನೆಯ ಪುಸ್ತಕಕ್ಕೆ ಪಕ್ಕದ ಮನೆಯನ್ನು ನುಂಗಿತು. ಇಪ್ಪತ್ತನೆಯದಕ್ಕೆ ಇಡೀ ಬೀದಿ ಕೆಂಪಾಯಿತು. ಇಪ್ಪತ್ತಾರಕ್ಕೆ ಆಟದ ಮೈದಾನವೂ ಹೋಗಿ, ಕೆರೆಯ ದಡಕ್ಕೆ ಕೆಂಪು ಬಂದು ನಿಂತಿತು.

ಇಪ್ಪತ್ತೇಳನೆಯದು ಠಸ್ಸೆಯಪ್ಪನವರದ್ದು. ಅಳಿಸುವ ಗುಂಡಿಯ ಮೇಲೆ ಬೆರಳು ಹೋಯಿತು, ಹಿಂದೆ ಬಂತು. ಲೆಡ್ಜರಿನಲ್ಲಿ ಸುಳ್ಳು ಬರೆದವರಲ್ಲ ಅವರು. ಇಪ್ಪತ್ತಾರು ಹೊತ್ತ ಅಜ್ಜಿಗೆ ಇನ್ನೊಂದು ಭಾರವೇ ಎಂದು ಪರದೆಗೆ ಹೇಳಿ ಹಾಗೇ ಬಿಟ್ಟರು. ಕೆಂಪು ಚುಕ್ಕೆ ಕೆರೆಗೆ ಇಳಿಯಿತು.

ಸೋಮವಾರ ಬೆಳಿಗ್ಗೆ ಗ್ರಂಥಾಲಯದ ಬಾಗಿಲಲ್ಲಿ ಹೊಸದಾಗಿ ಹಾಕಿದ್ದ ದೊಡ್ಡ ಪರದೆಯ ಮೇಲೆ ನಕ್ಷೆ ಬೆಳಗಿತು. ಮೊದಲು ಬಂದವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೆಂಪನ್ನು ಬೆರಳಿನಿಂದ ಮುಟ್ಟಿದರು. ಪಟ್ಟಿ ತೆರೆದುಕೊಂಡಿತು.

“ಅಯ್ಯಯ್ಯೋ, ಟೆಲಿಫೋನ್ ಅಜ್ಜೀದು! ಬನ್ರೀ, ಬನ್ರೀ!” ಮೈದಾನದಲ್ಲಿ ಸೀಟಿಯಿಲ್ಲದೆ ಇನ್ನೂರು ಹುಡುಗರನ್ನು ಓಡಿಸಿದ ಗಂಟಲು ಅದು. “‘ಕುಡಿತ ಬಿಡಲು ಹನ್ನೆರಡು ದಾರಿ’! ಅಜ್ಜಿ ಕುಡೀತಾರೇನ್ರೀ? ‘ನಡುಗುವ ಕೈಗಳಿಗೆ ವ್ಯಾಯಾಮ’! ‘ಬೋಳುತಲೆಗೆ ಭರವಸೆ’! ‘ಮಲಬದ್ಧತೆಗೆ...’”

ಕರೆಂಟು ಹೋದ ರೇಡಿಯೋದಂತೆ ದನಿ ನಿಂತಿತು.

“ಮುಂದೆ ಓದಿ ಮೇಷ್ಟ್ರೇ,” ಎಂದಿತು ಕೂಗಿಗೆ ಓಡಿಬಂದ ಗುಂಪು.

“ಕನ್ನಡಕ ತಂದಿಲ್ಲ,” ಎಂದರು ಮೇಷ್ಟ್ರು. ಕನ್ನಡಕ ಮೂಗಿನ ಮೇಲೇ ಇತ್ತು.

ಸಂಘದ ಅಧ್ಯಕ್ಷರು ಬಂದು ನೋಡಿ ಬಿಳಿಚಿಕೊಂಡರು. ದರ್ಜಿ ಅಂಗಡಿಯ ಅಕ್ಕ ಬಂದು ನೋಡಿ, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಬಂದವರೆಲ್ಲ ಪಟ್ಟಿಯಲ್ಲಿ ಒಂದು ಕಡೆ ಕಣ್ಣು ನೆಟ್ಟು, ಆಮೇಲೆ ಅಕ್ಕಪಕ್ಕ ನೋಡಿ, ಅಗತ್ಯಕ್ಕಿಂತ ಗಟ್ಟಿಯಾಗಿ ಮರುಗಿದರು.

“ಪಾಪ ಅಜ್ಜಿ! ಇಷ್ಟೊಂದು ಇಟ್ಕೊಂಡು ನಗ್ತಾ ಇದ್ರಲ್ಲಾ!”

“ಅದೂ ಬೋಳುತಲೆ! ಯಾರಿಗೂ ಬರಬಾರದಪ್ಪಾ ಆ ಕಷ್ಟ!” ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಇದರಲ್ಲಿ ಒಂದು ನನ್ನದು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಠಸ್ಸೆಯಪ್ಪನವರೂ ಹೇಳಲಿಲ್ಲ. ನಿಯಮದಂತೆ ನಕ್ಷೆಯನ್ನು ಮೇಡಂಗೂ ಆರೋಗ್ಯ ಇಲಾಖೆಗೂ ಕಳಿಸಿ, ಗೆದ್ದಲು ನೋಡಲು ಹೋದರು.

ಮಧ್ಯಾಹ್ನ ಮೂರಕ್ಕೆ ಅಜ್ಜಿಯ ಬೀದಿಗೆ ಆರೋಗ್ಯ ಇಲಾಖೆಯ ವ್ಯಾನು ನುಗ್ಗಿತು. ಹಿಂದೆ ಆಂಬುಲೆನ್ಸು. ಅದರ ಹಿಂದೆ, ನಕ್ಷೆಯನ್ನು ಇನ್ನೂ ತೆರೆದು ನೋಡದೆ ಫೋನಿಗೇ ಓಡಿಬಂದ ಮೇಡಂ ಅವರ ಕಾರು. ವ್ಯಾನಿನಿಂದ ಇಳಿದ ವೈದ್ಯಾಧಿಕಾರಿಯ ಕೈಯಲ್ಲಿ ನಕ್ಷೆಯ ಪ್ರತಿ ಇತ್ತು.

“ಒಂದು ಮನೆಯಿಂದ ಶುರುವಾಗಿ ಕೆರೆ ತನಕ ಹರಡಿದೆ! ಎಲ್ಲಾ ಮೂಗು ಮುಚ್ಕೊಳ್ಳಿ!” ಎಂದು ಅವರು ಕೂಗಿದರು. “ಮೂವತ್ತು ವರ್ಷದ ಸರ್ವಿಸಲ್ಲಿ ಇಂಥ ರೋಗಿ ನೋಡಿಲ್ಲ!”

ಬೀದಿಗೆ ಬೀದಿಯೇ ಕರವಸ್ತ್ರ ಹಿಡಿದು ಹೊರಗೆ ಬಂತು. ಠಸ್ಸೆಯಪ್ಪನವರನ್ನು ಗ್ರಂಥಾಲಯದಿಂದ ಕರೆಸಿದರು. ಅವರ ಹೆಂಡತಿಯೂ ಬಂದು, “ಆ ನಕ್ಷೆ ಮಾಡಿದ್ದು ನಮ್ಮೋರೇ” ಎಂದು ಪಕ್ಕದವರಿಗೆ ಹೇಳುತ್ತಾ ಮುಂದಿನ ಸಾಲಿನಲ್ಲಿ ನಿಂತರು.

ಟೆಲಿಫೋನ್ ಅಜ್ಜಿ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಪದಬಂಧ ಬಿಡಿಸುತ್ತಿದ್ದರು.

“ಅಜ್ಜಿ, ಹೆದರ್ಬೇಡಿ,” ಎಂದು ಅಧಿಕಾರಿ ದೂರದಿಂದಲೇ ಹೇಳಿದರು. “ಈ ಪುಸ್ತಕ ಎಲ್ಲಾ ನಿಮಗೇ ಬೇಕಾಗಿದ್ದಾ?”

ಅಜ್ಜಿ ಜನರ ಕಡೆ ಒಂದು ಸಲ ನೋಡಿದರು, ಹಿಂದೆ ದೂರವಾಣಿ ಕೇಂದ್ರದ ಸ್ವಿಚ್‌ಬೋರ್ಡಿನ ಮೇಲೆ ಯಾವ ಯಾವ ದೀಪ ಹೊತ್ತಿದೆ ಎಂದು ನೋಡುತ್ತಿದ್ದಂತೆ. ಎಲ್ಲ ದೀಪಗಳೂ ಒಟ್ಟಿಗೆ ಹೊತ್ತಿದ್ದವು.

“ಹೂಂ. ಎಲ್ಲಾ ನಂಗೇ.”

“ಬೋಳುತಲೆ?” ಅಜ್ಜಿಯ ಬೆಳ್ಳನೆಯ ಜಡೆ ಸೊಂಟದವರೆಗಿತ್ತು.

“ಉದುರೋ ಮೊದಲೇ ಓದ್ಕೋಬೇಕಪ್ಪಾ. ಉದುರಿದ್ಮೇಲೆ ಓದಿದ್ರೆ ಏನು ಬಂತು?”

“ಕುಡಿತ?”

“ಬಿಡ್ಬೇಕು ಅಂತಿದೀನಿ.”

“ಏನು ಕುಡೀತೀರಿ?”

“ಸದ್ಯಕ್ಕೆ ಬಿಸಿನೀರು.”

“ಬಾಣಂತಿಯರ ಆರೈಕೆ?”

“ನನಗೂ ಹೆರಿಗೆ ಆಗಿತ್ತು. ಐವತ್ತೆರಡು ವರ್ಷ ಆಯ್ತು, ಇನ್ನೂ ಸೊಂಟ ಹಿಡ್ಕೊಳ್ಳುತ್ತೆ.”

ಅಧಿಕಾರಿ ಹಣೆ ಒರೆಸಿಕೊಂಡು ಕೊನೆಯ ಸಾಲಿಗೆ ಬಂದರು. “ಗಂಡಸರ ಮೂತ್ರದ ತೊಂದರೆಗಳು?”

ಠಸ್ಸೆಯಪ್ಪನವರು ಭೂಮಿಯನ್ನು ನೋಡಿದರು. ಅದು ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ.

“ಅದೂ ನಂದೇ,” ಎಂದರು ಅಜ್ಜಿ.

ಅಧಿಕಾರಿ ಕನ್ನಡಕ ತೆಗೆದು ಮೇಡಂ ಕಡೆ ತಿರುಗಿದರು. “ಮೇಡಂ, ಇವರಿಗಿರೋದು ಇಪ್ಪತ್ತೇಳು ಕಾಯಿಲೆ ಅಲ್ಲ, ಒಂದೇ. ಅದು ತಲೇದು. ತಾನು ಹೆಂಗಸೋ ಗಂಡಸೋ ಅನ್ನೋದೂ ಪಾಪ ನೆನಪಿಲ್ಲ. ಮನೇಲಿ ಬಿಡೋ ಹಾಗಿಲ್ಲ, ಈಗಲೇ ಕರ್ಕೊಂಡು ಹೋಗಿ ಭರ್ತಿ ಮಾಡ್ತೀನಿ. ಸ್ಟ್ರೆಚರ್ ತನ್ರಪ್ಪಾ!”

“ಲೈಬ್ರರಿ ಕಾರ್ಡನ್ನೂ ರದ್ದು ಮಾಡೋಣ,” ಎಂದರು ಮೇಡಂ. “ಓದಿ ಓದಿ ಹೀಗಾಗಿರಬಹುದು.”

ಆಗ ಅಜ್ಜಿ ಮೊದಲ ಸಲ ಪೆನ್ನು ಕೆಳಗಿಟ್ಟರು. “ನನ್ನ ಬೇಕಾದ್ರೆ ಕರ್ಕೊಂಡು ಹೋಗಮ್ಮಾ. ಕಾರ್ಡು ಇರ್ಲಿ. ಅದು ನಾಲ್ಕು ಜನಕ್ಕೆ ಬೇಕು.”

ಆ ನಾಲ್ಕು ಜನ ಕರವಸ್ತ್ರಗಳ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಸ್ಟ್ರೆಚರ್ ಬಂತು. ಅಜ್ಜಿಯ ತೋಳಿಗೆ ಕೈ ಹಾಕಿದರು. ಅವರ ಪದಬಂಧ ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಠಸ್ಸೆಯಪ್ಪನವರು ಕೈ ಎತ್ತಿದರು.

“ಏನ್ರೀ?” ಎಂದರು ಮೇಡಂ. “ಈಗ ಇನ್ಯಾವ ಕೆಲಸಕ್ಕೆ ಮುಂದೆ ಬಂದ್ರಿ?”

ಮೆಲ್ಲಗೆ, ಮೇಡಂ ಕಿವಿಯಲ್ಲಿ ಮಾತ್ರ ಹೇಳಬೇಕೆಂದು ಅವರು ಬಾಯಿ ತೆರೆದರು. ಆದರೆ ಮೂವತ್ತೊಂದು ವರ್ಷದ ಗಂಟಲು ಮೆಲ್ಲಗೆ ಎನ್ನುವುದನ್ನು ಕಲಿತಿರಲಿಲ್ಲ.

“‘ಗಂಡಸರ ಮೂತ್ರದ ತೊಂದರೆಗಳು’! ನಾನು! ಮೂರು ತಿಂಗಳು!”

ಪಕ್ಕದ ಬೀದಿಯ ಕಿಟಕಿಗಳು ತೆರೆದುಕೊಂಡವು. ಆಂಬುಲೆನ್ಸಿನ ಚಾಲಕ ಇಂಜಿನ್ ಆರಿಸಿದ. ಹೆಂಡತಿ ಪಕ್ಕದವರಿಗೆ ಏನೋ ಹೇಳುತ್ತಿದ್ದವರು ಹಾಗೇ ಬಾಯಿ ತೆರೆದು ನಿಂತರು.

“ಅಜ್ಜಿಗೆ ಏನೂ ಆಗಿಲ್ಲ ಮೇಡಂ. ಅದು ನನ್ನ ಪುಸ್ತಕ. ಅವರ ಕಾರ್ಡಲ್ಲಿ ತಗೊಂಡೆ. ನಾಚಿಕೆಗೆ.”

“ಒಬ್ಬರ ಮನೆ ಮೇಲೆ ಚುಕ್ಕೆ ಇಡಬೇಡಿ, ಹೆಸರು ಹಾಕಬೇಡಿ ಅಂತ ತರಬೇತೀಲಿ ಬಾಯಿ ಬಡ್ಕೊಂಡೆನಲ್ರೀ! ಆಗ ಎಲ್ಲಿದ್ರಿ?”

“ಅಲ್ಲೇ ಇದ್ದೆ ಮೇಡಂ.”

“ಎಲ್ಲಿ?”

“ಈಗ ಹೋಗಬೇಕಾಗಿರೋ ಜಾಗದಲ್ಲೇ.” ಅವರ ಮೊಣಕಾಲುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. “ಅವತ್ತು ಸಭೇಲಿ ಕೈ ಎತ್ತಿದ್ದೂ ಅದಕ್ಕೇ.”

ಅಜ್ಜಿ ಒಳಗೆ ಬೆರಳು ತೋರಿಸಿ, “ಎಡಗಡೆ ಎರಡನೇ ಬಾಗಿಲು. ಓಡು!” ಎಂದರು.

ಅವರು ಓಡಿದರು. ಬೀದಿ ಅವರ ಬೆನ್ನನ್ನು ನೋಡಿತು. ಆಮೇಲೆ ಅಧಿಕಾರಿ ನಿಧಾನವಾಗಿ ಪಟ್ಟಿಯನ್ನು ಮತ್ತೆ ಬಿಚ್ಚಿದರು.

“ಒಂದು ಅವರದ್ದು. ಸರಿ. ಹಾಗಾದ್ರೆ ಉಳಿದ ಇಪ್ಪತ್ತಾರು ಯಾರದ್ದು?”

ಕುಂಬಳಕಾಯಿ ಕಳ್ಳ ಎಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಬೀದಿಗೆ ಬೀದಿಯೇ ಹೆಗಲು ಮುಟ್ಟಿಕೊಂಡಿತು. ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಒಂದು ತುರ್ತು ಸಭೆ ನೆನಪಾಯಿತು. ದರ್ಜಿ ಅಕ್ಕನಿಗೆ ಅಂಗಡಿಯ ಇಸ್ತ್ರಿಪೆಟ್ಟಿಗೆ ನೆನಪಾಯಿತು. ಡ್ರಿಲ್ ಮೇಷ್ಟ್ರು ನೆಪ ಹುಡುಕುವ ಗೋಜಿಗೇ ಹೋಗದೆ ಇಪ್ಪತ್ತು ವರ್ಷದ ನಂತರ ಮೊದಲ ಬಾರಿಗೆ ಓಡಿದರು. ಠಸ್ಸೆಯಪ್ಪನವರು ಹೊರಗೆ ಬರುವಷ್ಟರಲ್ಲಿ ಗುಂಪು ನಿಂತಿದ್ದ ಜಾಗದಲ್ಲಿ ಕೆಲವು ಕರವಸ್ತ್ರಗಳು ಮಾತ್ರ ಬಿದ್ದಿದ್ದವು.

“ಲೆಕ್ಕ ಸರಿಹೋಯ್ತು,” ಎಂದು ಅಧಿಕಾರಿ ಸ್ಟ್ರೆಚರ್ ಮಡಿಸಲು ಹೇಳಿದರು. “ಸಾರ್, ನಿಮಗೆ ಪುಸ್ತಕ ಸಾಲ್ದು. ನಾಳೆ ಆಸ್ಪತ್ರೆಗೆ ಬನ್ನಿ. ವಾಸಿಯಾಗೋಂಥದ್ದೇ.”

ಹೆಂಡತಿ ಇದ್ದಲ್ಲೇ ನಿಂತಿದ್ದರು.

“ಗೆದ್ದಲು?” ಎಂದರು.

ಠಸ್ಸೆಯಪ್ಪನವರು ಕೆಳಗೆ ಬಿದ್ದಿದ್ದ ಒಂದು ಕರವಸ್ತ್ರವನ್ನು ಎತ್ತಿ ಮಡಿಸತೊಡಗಿದರು.

“ಎಂಟು ತಿಂಗಳು ಗೆದ್ದಲು. ಅದಕ್ಕೆ ನಾನು ಚೌಕಟ್ಟು ಬೇರೆ ಹಾಕಿಸ್ದೆ.” ಅವರ ದನಿ ಬೈಯಲು ಹೊರಟು ದಾರಿ ತಪ್ಪಿತು. “ರಾತ್ರಿ ನೀವು ಏಳೋದು ಬೀಳೋದು ನೋಡೋಕಾಗ್ದೆ, ಎರಡು ತಿಂಗಳ ಹಿಂದೆ ನಾನೂ ಇದೇ ಅಜ್ಜಿ ಹತ್ರ ಬಂದು ಇದೇ ಪುಸ್ತಕ ಕೇಳ್ದೆ. ಯಾರೋ ತಗೊಂಡು ಹೋಗಿದಾರೆ, ವಾಪಸ್ ಕೊಟ್ಟಿಲ್ಲ ಅಂದ್ರು. ಯಾರ್ರೀ ಆ ಪುಣ್ಯಾತ್ಮ ಅಂತ ಬೈಕೊಂಡು ಮನೆಗೆ ಬಂದೆ.”

ಗಂಡ ಹೆಂಡತಿ ಇಬ್ಬರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಬಗ್ಗಿ ಪದಬಂಧ ಎತ್ತಿಕೊಂಡು ಧೂಳು ಕೊಡವುತ್ತಿದ್ದರು.

“ಆಗ ಲೈನ್ ಬಿಜಿ ಇತ್ತು ಕಣಮ್ಮಾ,” ಎಂದರು.

ಠಸ್ಸೆಯಪ್ಪನವರಿಗೆ ಒಂದು ಮೆಮೊ ಬಂತು. ಅದಕ್ಕೆ ಹೆಂಡತಿ ಚೌಕಟ್ಟು ಹಾಕಿಸಲಿಲ್ಲ. ಹಳೆಯ ಪ್ರಶಂಸಾಪತ್ರವನ್ನು ಮಾತ್ರ ಸದ್ದಿಲ್ಲದೆ ಗೋಡೆಯಿಂದ ಇಳಿಸಿದರು. ಅಜ್ಜಿಯ ಕಾರ್ಡು ಉಳಿಯಿತು. ಮೇಡಂ ಎದುರಿಗೇ ಕೂತು ಹೊಸ ನಕ್ಷೆ ಮಾಡಿಸಿದರು. ಅದರಲ್ಲಿ ಮನೆಯಿಲ್ಲ, ಹೆಸರಿಲ್ಲ, ಬೀದಿಗೊಂದು ಸಂಖ್ಯೆ ಅಷ್ಟೇ. “ಹಿರಿಯರಿಗೆ ಉಪಯೋಗ ಆಗೋಂಥದ್ದು ಇನ್ನೇನಾದ್ರೂ ಗೊತ್ತಿದ್ರೆ ಸೇರಿಸಿ” ಎಂದು ಅವರು ಹೇಳಿದಾಗ, ಠಸ್ಸೆಯಪ್ಪನವರು ತಲೆ ತಗ್ಗಿಸಿಕೊಂಡೇ ಊರಿನ ಸಾರ್ವಜನಿಕ ಶೌಚಾಲಯಗಳನ್ನೆಲ್ಲ ನೀಲಿ ಚುಕ್ಕೆಗಳಾಗಿ ಸೇರಿಸಿದರು. ಯಾವುದಕ್ಕೆ ಬೀಗ, ಯಾವುದಕ್ಕೆ ಮೆಟ್ಟಿಲು, ಬಸ್ ನಿಲ್ದಾಣದಿಂದ ಎಷ್ಟು ಹೆಜ್ಜೆ ಎಲ್ಲ ಅವರಿಗೆ ಬಾಯಿಪಾಠ. ಪರದೆಯ ಮುಂದೆ ನಿಂತ ಹಿರಿಯರು ಮೊದಲು ಒತ್ತುತ್ತಿದ್ದದ್ದು ಅದನ್ನೇ. ಹೇಗೆ ಇಷ್ಟೆಲ್ಲ ತಿಳಿದಿತ್ತು ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಅವರಿಗೆ ಹೆಚ್ಚು ಚುಚ್ಚುತ್ತಿತ್ತು.

ಔಷಧಿ ಶುರುವಾದ ಮೇಲೆ ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ಆದರೂ ಕರೆ ಬಂದಾಗ ಏಳಲೇಬೇಕು. ಗೆದ್ದಲು ಇನ್ನು ನೆರವಿಗೆ ಬರುವಂತಿರಲಿಲ್ಲ. ಒಂದು ಬೆಳಿಗ್ಗೆ ಕೌಂಟರಿನ ಮುಂದೆ ಉದ್ದದ ಸಾಲಿದ್ದಾಗ ಅವರು ಮಾತಿಲ್ಲದೆ ಎದ್ದು ನಿಂತರು. ಸಾಲು ಅರೆಗಳಿಗೆ ಅವರ ಮುಖ ನೋಡಿತು. ಆಮೇಲೆ ದೊಡ್ಡ ಮನುಷ್ಯರೊಬ್ಬರು ಬರುವಾಗ ದಾರಿ ಬಿಡುವಂತೆ ಎರಡು ಭಾಗವಾಗಿ ಸರಿದು ನಿಂತಿತು.

“ದಾರಿ ಬಿಡ್ರಪ್ಪಾ, ದಾರಿ ಬಿಡಿ!” ಎಂದು ಹಿಂದಿನಿಂದ ಟೆಲಿಫೋನ್ ಅಜ್ಜಿಯ ದನಿ ಬಂತು.

ಇಪ್ಪತ್ತಮೂರು ಹೆಜ್ಜೆ. ಆ ದಿನದಷ್ಟು ಉದ್ದ ಅವು ಎಂದೂ ಆಗಿರಲಿಲ್ಲ.

ವಾಪಸ್ ಬಂದು ಕೂತಾಗ ಸಾಲಿನ ಮುಂದೆ ಡ್ರಿಲ್ ಮೇಷ್ಟ್ರು ನಿಂತಿದ್ದರು. ಇನ್ನೂರು ಹುಡುಗರನ್ನು ಓಡಿಸಿದ ಗಂಟಲು ಪಿಸುಗುಟ್ಟಿತು.

“ಸಾರ್... ಆ ಇಪ್ಪತ್ತೇಳನೆಯದು ವಾಪಸ್ ಬಂತಾ?”

ಠಸ್ಸೆಯಪ್ಪನವರು ಮೇಜಿನ ಖಾನೆಯಿಂದ ಪುಸ್ತಕ ತೆಗೆದು, ಹೊದಿಕೆ ಕೆಳಗಾಗಿ ಇಟ್ಟರು. ಕೈ ಚಾಚಿ ಕಾರ್ಡಿಗಾಗಿ ಕಾದರು. ಮೇಷ್ಟ್ರು ಹಿಂದೆ ತಿರುಗಿ ಅಜ್ಜಿಯನ್ನು ನೋಡಿದರು. ಅಜ್ಜಿ ಚಾವಣಿಯ ಫ್ಯಾನನ್ನು ನೋಡಿದರು. ಬಹಳ ಹೊತ್ತು ಜೇಬು ತಡಕಾಡಿ, ಕೊನೆಗೆ ಮೇಷ್ಟ್ರು ತಮ್ಮದೇ ಕಾರ್ಡನ್ನು ಹೊರಗೆ ತೆಗೆದರು. ಅಂಚೂ ಸವೆಯದ ಕಾರ್ಡು.

ಠಸ್ಸೆಯಪ್ಪನವರ ಬಾಯಿ ಅಭ್ಯಾಸದಿಂದ ತೆರೆದುಕೊಂಡಿತು. ಸಾಲಿಗೆ ಸಾಲೇ ಉಸಿರು ಹಿಡಿಯಿತು. ಅವರು ಬಾಯಿ ಮುಚ್ಚಿ, ತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿದುಕೊಂಡು ಲೆಡ್ಜರಿನಲ್ಲಿ ಬರೆದರು, ಒಂದು ಅಕ್ಷರವೂ ತಪ್ಪದಂತೆ. ಆಮೇಲೆ ಠಸ್ಸೆ ಎತ್ತಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಸದ್ದಾಗದಂತೆ ಒತ್ತಿದರು.